ಅಣ್ಣನ ಸೂಟು ಹಿಗ್ಗಿದ ಚಳಿಗಾಲ

ಸಮುದ್ರಕ್ಕೆ ಧುಮುಕುವವರ ಬಟ್ಟೆಬರೆಯ ಉಸ್ತುವಾರಿ ಸೂಜಿಯಕ್ಕನದು. ಆದರೆ ಆಕೆ ಸ್ವತಃ ಸಮುದ್ರಕ್ಕೆ ಇಳಿದದ್ದು ಮೊಣಕಾಲಿನ ತನಕ ಮಾತ್ರ, ಅದೂ ಒಂದೇ ಸಲ, ತೇಲಿಹೋಗುತ್ತಿದ್ದ ಚಪ್ಪಲಿ ಹಿಡಿಯಲಿಕ್ಕೆ. ಚಪ್ಪಲಿ ಸಿಕ್ಕಿತು. ಸಮುದ್ರಕ್ಕೂ ತನಗೂ ಇದ್ದ ವ್ಯವಹಾರ ಅಲ್ಲಿಗೆ ಮುಗಿಯಿತೆಂದು ದಡ ಹತ್ತಿದವಳು ಇಪ್ಪತ್ತೆರಡು ವರ್ಷ ಮತ್ತೆ ಅತ್ತ ಕಾಲಿಡಲಿಲ್ಲ.

ಡೈವಿಂಗ್ ಅಂಗಡಿಯ ಹಿಂದಿನ ಕೋಣೆ ಆಕೆಯದು. ಅಲ್ಲಿ ಗೂಟಗಳಿಗೆ ಎಂಬತ್ತು ರಬ್ಬರ್ ಸೂಟುಗಳು, ತಲೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಇರುವ ಮನುಷ್ಯರಂತೆ, ಸಾಲಾಗಿ ನೇತಾಡುತ್ತಿರುತ್ತವೆ. ಒಂದು ಮೂಲೆಯಲ್ಲಿ ಹೊಲಿಗೆಯ ಮೇಜು, ಕಪ್ಪು ಅಂಟಿನ ಡಬ್ಬಿ, ಬಾಗಿದ ಸೂಜಿಗಳು. ಇನ್ನೊಂದು ಮೂಲೆಯಲ್ಲಿ ಸೂಟು ತೊಳೆಯುವ ದೊಡ್ಡ ಟಬ್ಬು. ಕೋಣೆಗೆ ರಬ್ಬರಿನ ವಾಸನೆ, ಉಪ್ಪಿನ ವಾಸನೆ, ಇವೆರಡರ ನಡುವೆ ಸಭ್ಯರು ಹೆಸರು ಹೇಳದ ಮೂರನೆಯದೊಂದು ವಾಸನೆ. ತಣ್ಣನೆಯ ನೀರಿನಲ್ಲಿ ಮುಕ್ಕಾಲು ಗಂಟೆ ಇದ್ದವರು ಸೂಟಿನೊಳಗೇ ಏನು ಮಾಡಿಬಿಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಮಾಡಿದ್ದು ತಾನೇ ಎಂದವರು ಮಾತ್ರ ಇದುವರೆಗೆ ಒಬ್ಬರೂ ಇಲ್ಲ.

ವರ್ಷವಿಡೀ ಬಿಸಿಲು ಕಾಯುವ ಕಡೆಯ ಸಮುದ್ರಕ್ಕೂ ಚಳಿಗಾಲ ಬರುತ್ತದೆ ಎಂದರೆ ಪ್ರವಾಸಿಗಳು ನಗುತ್ತಾರೆ. ಹಿಮ ಬೀಳುವ ಕಡೆಯಿಂದ ಬಂದವರಂತೂ ಬನಿಯನ್ನಿನಲ್ಲೇ ಎದೆ ಉಬ್ಬಿಸಿ ನಿಲ್ಲುತ್ತಾರೆ.

"ಇಪ್ಪತ್ತಾರು ಡಿಗ್ರಿ ಅಂದ್ರೆ ನಮ್ಕಡೆ ಬೇಸಿಗೆ! ನಂಗೆ ಸೂಟೇ ಬೇಡ."

"ಗಾಳೀಲಿ ಇಪ್ಪತ್ತಾರು ಬೇರೆ, ನೀರಲ್ಲಿ ಇಪ್ಪತ್ತಾರು ಬೇರೆ ಕಣಪ್ಪ," ಎನ್ನುತ್ತಾಳೆ ಸೂಜಿಯಕ್ಕ. "ನೀರು ಮೈಯಿಂದ ಬಿಸೀನ ಹೀರ್ಕೊಂಡು ಹೋಗ್ತಾನೇ ಇರುತ್ತೆ. ಹದಿನೈದು ನಿಮಿಷ ಹೀರೋ ಹಾಗಿರ್ತೀರ, ಮೂವತ್ತಕ್ಕೆ ಹಲ್ಲು ಕಟಕಟ ಅನ್ನುತ್ತೆ, ನಲವತ್ತಕ್ಕೆ ಅಮ್ಮನ ನೆನಪಾಗುತ್ತೆ."

ಆಕೆಯ ಲೆಕ್ಕಾಚಾರ ಸರಳ. ಬೇಸಿಗೆಯ ಇಪ್ಪತ್ತೊಂಬತ್ತು ಡಿಗ್ರಿಗೆ ಮೂರು ಮಿಲಿಮೀಟರ್ ದಪ್ಪದ ಗಿಡ್ಡ ಸೂಟು. ಚಳಿಗಾಲದ ಇಪ್ಪತ್ತಾರು, ಇಪ್ಪತ್ತೇಳಕ್ಕೆ ಮೂರರದ್ದೇ, ಆದರೆ ಮಣಿಕಟ್ಟಿನಿಂದ ಹಿಮ್ಮಡಿಯವರೆಗೆ ಪೂರಾ. ಸಣಕಲರಿಗೂ ದಿನಕ್ಕೆ ಮೂರು ಸಲ ಇಳಿಯುವವರಿಗೂ ಐದರದ್ದು. ಇಪ್ಪತ್ತೈದಕ್ಕಿಂತ ಕೆಳಗೆ ಹೋದರೆ ಎಲ್ಲರಿಗೂ ಐದರದ್ದು, ಜೊತೆಗೆ ತಲೆಗೊಂದು ಟೋಪಿ. ಆದರೆ ದಪ್ಪಕ್ಕಿಂತ ಮುಖ್ಯ ಅಳತೆ. "ಇದು ರೇನ್‌ಕೋಟಲ್ಲ, ನೀರು ಒಳಗೆ ಬಂದೇ ಬರುತ್ತೆ. ಬಂದ ನೀರು ಅಲ್ಲೇ ನಿಲ್ಬೇಕು, ನಿಮ್ಮ ಮೈ ಅದನ್ನ ಬಿಸಿ ಮಾಡ್ಕೊಳ್ಳುತ್ತೆ. ಸಡಿಲ ಇದ್ರೆ ಬಿಸಿಯಾದ ನೀರೆಲ್ಲ ಆಚೆ, ತಣ್ಣೀರೆಲ್ಲ ಒಳಗೆ. ಇಡೀ ಸಮುದ್ರಾನ ಬಿಸಿ ಮಾಡೋಷ್ಟು ಶಕ್ತಿ ಯಾರಿಗಿದೆ?"

ಈ ಪಾಠವನ್ನೆಲ್ಲ ಆಕೆಗೆ ಕಲಿಸಿದವನು ಒಡಹುಟ್ಟಿದ ಅಣ್ಣ. ಅದೇ ಅಂಗಡಿಯ ಹಿರಿಯ ಗೈಡ್ ಅವನು. ಬಂದವರನ್ನು ಕೈಹಿಡಿದು ನೀರಿನೊಳಗೆ ಕರೆದುಕೊಂಡು ಹೋಗಿ, ಮೀನು ತೋರಿಸಿ, ಅಷ್ಟೂ ಜನರನ್ನು ಎಣಿಸಿ ವಾಪಸು ತರುವುದು ಅವನ ಕೆಲಸ. ತಂಗಿ ಶರಟಿನ ಕಾಲರು ತಿರುಗಿಸಿ ಹೊಲಿಯುತ್ತ ಕೂತಿದ್ದ ಕಾಲದಲ್ಲಿ, ಬಂಡೆಗೆ ಸಿಕ್ಕಿ ಹರಿದ ತನ್ನ ಸೂಟನ್ನು ತಂದು ಅವಳ ಮಡಿಲಿಗೆ ಎಸೆದಿದ್ದ. "ಇದನ್ನ ಹೊಲಿ ನೋಡೋಣ. ಸೂಜಿ ಪೂರ್ತಿ ಆಚೆಗೆ ಬರಬಾರದು. ಬಂದ್ರೆ ಆ ತೂತಲ್ಲಿ ನೀರು ಬರುತ್ತೆ, ನಾನು ನಡುಗ್ತೀನಿ, ನೀನು ಬೈಸ್ಕೋತೀಯ." ಅಂಚುಗಳಿಗೆ ಅಂಟು ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ಒತ್ತಿ, ರಬ್ಬರಿನ ಅರ್ಧ ದಪ್ಪಕ್ಕೆ ಮಾತ್ರ ಸೂಜಿ ಹೋಗುವಂತೆ ಹೊಲಿದುಕೊಟ್ಟಳು. ಅಣ್ಣ ನಡುಗಲಿಲ್ಲ. ಅಂಗಡಿಯ ಯಜಮಾನರು ಮರುದಿನವೇ ಕರೆಸಿಕೊಂಡರು.

ಈ ಕೆಲಸದಲ್ಲಿ ಒಂದು ಮರ್ಯಾದೆಯಿದೆ. ವರ್ಷಕ್ಕೊಮ್ಮೆ ಬರುವ ಹಳೇ ಗಿರಾಕಿಗಳು ತಮ್ಮದೇ ಸೂಟನ್ನು ತಂದು ಕೊಡುತ್ತಾರೆ. ಹೊಟ್ಟೆಯ ಹತ್ತಿರ ಜಿಪ್ಪು ಹೋಗುವುದಿಲ್ಲ. "ಏನಕ್ಕ, ಸೂಟು ಕುಗ್ಗಿಬಿಟ್ಟಿದೆ," ಎನ್ನುತ್ತಾರೆ. ಸೂಟು ಅಷ್ಟೆಲ್ಲ ಕುಗ್ಗುವುದಿಲ್ಲ. ನಮ್ಮಂಥವರ ಹೊಟ್ಟೆಗಳು ಬೆಳೆಯುತ್ತವೆ. ಆದರೆ ಸೂಜಿಯಕ್ಕ ಎಂದೂ ಹಾಗೆ ಹೇಳಿದವಳಲ್ಲ. ಮುಖ ಒಂದಿಷ್ಟೂ ಬದಲಾಯಿಸದೆ, "ಹೌದು, ಉಪ್ಪುನೀರಿಗೆ ಕುಗ್ಗುತ್ತೆ," ಎಂದು ಪಕ್ಕದಲ್ಲೊಂದು ಪಟ್ಟಿ ಸೇರಿಸಿ ಕೊಡುತ್ತಾಳೆ. ತಪ್ಪು ಯಾವಾಗಲೂ ಸೂಟಿನದು, ಮೈಯದಲ್ಲ. ಯಾರ ಮೈ ಎಷ್ಟಿತ್ತು, ಈಗ ಎಷ್ಟಾಗಿದೆ ಎಂಬುದು ಆಕೆಗೂ ಆಕೆಯ ಅಳತೆ ಪುಸ್ತಕಕ್ಕೂ ಮಾತ್ರ ಗೊತ್ತು. ಅದರಲ್ಲೂ ಪೆನ್ಸಿಲಿನಲ್ಲಿ ಬರೆದು, ಹಳೆಯದನ್ನು ರಬ್ಬರಿನಿಂದ ಅಳಿಸಿ, ಅದೇ ಜಾಗದಲ್ಲಿ ಹೊಸದು ಬರೆಯುತ್ತಾಳೆ.

ಆ ವರ್ಷ ಚಳಿಗಾಲ ಶುರುವಾದ ವಾರದಲ್ಲೇ ಅಣ್ಣ ಸೂಟನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದಿನ ಕೋಣೆಗೆ ಬಂದ.

"ನೋಡೇ, ಸೂಟು ಹಿಗ್ಗಿಬಿಟ್ಟಿದೆ. ಬೆನ್ನಲ್ಲಿ ನೀರು ಕೊಳಾಯಿ ಬಿಟ್ಟ ಹಾಗೆ ಬರ್ತಿದೆ."

ಇಪ್ಪತ್ತೆರಡು ವರ್ಷದಲ್ಲಿ ಕುಗ್ಗಿದೆ ಎಂದು ಬಂದವರು ನೂರಾರು ಜನ. ಹಿಗ್ಗಿದೆ ಎಂದು ಬಂದವನು ಇವನೊಬ್ಬ. ಈ ರಬ್ಬರು ಹಳೆಯದಾದರೆ ಗಡುಸಾಗುತ್ತದೆ, ಬಿರುಕು ಬಿಡುತ್ತದೆ, ಹಿಗ್ಗುವುದಿಲ್ಲ. ಅದು ಆಕೆಗೆ ತಿಳಿಯದ್ದಲ್ಲ. ಆದರೆ ನಾಲಗೆಗೆ ಒಂದೇ ಮಾತು ರೂಢಿಯಾಗಿತ್ತು.

"ಹೌದು, ಉಪ್ಪುನೀರಿಗೆ ಹಿಗ್ಗುತ್ತೆ," ಎಂದುಬಿಟ್ಟಳು.

ಕಂಕುಳಿಂದ ಸೊಂಟದವರೆಗೆ ಎರಡೂ ಪಕ್ಕದಲ್ಲಿ ಒಂದು ಬೆರಳಗಲದ ಪಟ್ಟಿ ಕತ್ತರಿಸಿ ತೆಗೆದು ಹೊಲಿದುಕೊಟ್ಟಳು. ಅಣ್ಣ ಹಾಕಿಕೊಂಡು, ಕನ್ನಡಿಯ ಮುಂದೆ ತಿರುಗಿ, "ಮದುಮಗನ ಹಾಗಿದೀನಿ ನೋಡು," ಎಂದ. ಅಳತೆ ಪುಸ್ತಕದಲ್ಲಿ ಅವನ ಎದೆಯ ಸುತ್ತಳತೆ ಅಳಿಸಿ, ಒಂದೂವರೆ ಇಂಚು ಕಡಿಮೆ ಬರೆದಳು.

ಅಂಗಡಿಯ ಮುಂದೆ ಒಂದು ಕಪ್ಪು ಹಲಗೆಯಿದೆ. ಬೆಳಗಿನ ಮೊದಲ ದೋಣಿ ವಾಪಸು ಬಂದ ಮೇಲೆ, ಅಣ್ಣ ಮಣಿಕಟ್ಟಿನ ಡೈವ್ ಗಡಿಯಾರದಲ್ಲಿ ನೀರಿನ ಡಿಗ್ರಿ ನೋಡಿ ಕೂಗುವ ಅಂಕಿಯನ್ನು ಸೂಜಿಯಕ್ಕ ಅದರ ಮೇಲೆ ಬರೆಯುವುದು. ಅದನ್ನು ನೋಡಿಯೇ ಜನ ಸೂಟು ಕೇಳುವುದು. ಆ ಚಳಿಗಾಲ ಅಣ್ಣ ಇಪ್ಪತ್ತೈದು ಎನ್ನತೊಡಗಿದ. ಆಮೇಲೆ ಇಪ್ಪತ್ತನಾಲ್ಕು. ಅವನು ಐದರ ಸೂಟಿಗೆ ಬದಲಾಯಿಸಿಕೊಂಡ, ತಲೆಗೆ ಟೋಪಿ ಏರಿಸಿದ. ಹಲಗೆ ನೋಡಿದ ಜನರೂ ಐದರದ್ದೇ ಕೇಳಿದರು. ದೋಣಿಯ ಮೇಲೆ ಹತ್ತು ಜನ ದಪ್ಪ ಸೂಟು ತೊಟ್ಟು ಬಿಸಿಲಿನಲ್ಲಿ ಬೇಯುತ್ತ ಕೂತಿರುವುದನ್ನು ನೋಡಿ ಸಿಲಿಂಡರಿಗೆ ಗಾಳಿ ತುಂಬುವವನಿಗೆ ನಗು ತಡೆಯಲಾಗಲಿಲ್ಲ. ಅವನನ್ನು ಎಲ್ಲರೂ ಗಾಳಿಯಪ್ಪ ಎನ್ನುತ್ತಿದ್ದರು.

"ಅಕ್ಕಾ, ಪಕ್ಕದ ಅಂಗಡಿಯೋರು ಇಪ್ಪತ್ತೇಳು ಅಂತ ಬರ್ದಿದಾರೆ. ಅವರಿಗೂ ನಮಗೂ ಒಂದೇ ಸಮುದ್ರ ಅಲ್ವಾ? ಇಲ್ಲ, ನಡುವೆ ಗೋಡೆ ಕಟ್ಟಿದಾರಾ?"

"ನಮ್ಮಣ್ಣ ಅವರಪ್ಪ ಹುಟ್ಟೋಕೆ ಮುಂಚೆಯಿಂದ ಇಳೀತಿದಾನೆ. ನೀನು ಗಾಳಿ ತುಂಬು."

ಒಬ್ಬ ಪ್ರವಾಸಿ ಬೆವರಿಳಿಸುತ್ತ ಬಂದು ತನ್ನ ಗಡಿಯಾರವನ್ನೇ ಆಕೆಯ ಮೂಗಿಗೆ ಹಿಡಿದ. ಅದರಲ್ಲಿ ಇಪ್ಪತ್ತೇಳು ಎಂದಿತ್ತು. "ನಿಮ್ಮ ಗಡಿಯಾರ ನಿಮ್ಮೂರಿಂದು, ನೀರು ನಮ್ಮೂರಿಂದು," ಎಂದು ಸೂಜಿಯಕ್ಕ ಅವನನ್ನು ಸಾಗಹಾಕಿದಳು. ಅವನ ಬೆನ್ನ ಹಿಂದೆ ನಿಂತಿದ್ದವರೆಲ್ಲ ನಕ್ಕರು. ಆಕೆಯೂ ನಕ್ಕಳು. ಆದರೆ ಆ ಸಂಜೆ ಹಲಗೆ ಒರೆಸುವಾಗ ಇಪ್ಪತ್ತನಾಲ್ಕನ್ನು ಒರೆಸಲು ಕೈ ಸ್ವಲ್ಪ ತಡೆಯಿತು. ತಡೆದ ಕೈಗೆ ಆಕೆ ಕಾರಣ ಕೇಳಲಿಲ್ಲ.

ಐದನೇ ವಾರ ಅಣ್ಣ ಮತ್ತೆ ಬಂದ. "ಈ ಐದರದ್ದೂ ಹಿಗ್ಗಿದೆ ಕಣೇ. ಈ ಸಲ ಕಂಪನಿಯವರು ಏನು ರಬ್ಬರು ಹಾಕ್ತಾರೋ!" ಮತ್ತೊಂದು ಪಟ್ಟಿ ಹೋಯಿತು. ಅದಾಗಿ ಮೂರೇ ವಾರಕ್ಕೆ ಮತ್ತೆ.

"ಅಣ್ಣ, ಸರಿಯಾಗಿ ಊಟ ಮಾಡ್ತಿದೀಯ ತಾನೆ?"

"ವಯಸ್ಸಾಯ್ತಲ್ಲೇ, ಹೊಟ್ಟೆಗೆ ಹಿಡಿಸಲ್ಲ. ಯಜಮಾನ್ರ ಹತ್ರ ಎಲ್ಲಾದ್ರೂ ಬಾಯಿ ಬಿಟ್ಟೀಯ. ದೋಣಿ ಹತ್ತಬೇಡ ಅಂತಾರೆ. ಆಮೇಲೆ ನಾನೂ ನಿನ್ನ ಪಕ್ಕ ಸ್ಟೂಲು ಹಾಕ್ಕೊಂಡು ಸೂಜಿಗೆ ದಾರ ಪೋಣಿಸ್ಬೇಕಾಗುತ್ತೆ."

"ಪೋಣಿಸಿದ್ರೆ ಏನು ಗಂಟು ಹೋಗುತ್ತೆ?"

"ನಿಂಗೆ ಗೊತ್ತಾಗಲ್ಲ ಬಿಡು. ನೀನು ಚಪ್ಪಲಿಗೋಸ್ಕರ ಇಳಿದೋಳು."

ಆಕೆ ನಕ್ಕು ಕತ್ತರಿ ಎತ್ತಿಕೊಂಡಳು. ಅಣ್ಣ ನೀರು ಬಿಟ್ಟರೆ ಬದುಕುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಅವನನ್ನು ನೀರಿನಲ್ಲಿ ಉಳಿಸುವುದು ತನ್ನ ಕೈಯ ಸೂಜಿಯಲ್ಲಿದೆ ಎಂದು ಅಂದುಕೊಂಡಳು. ಹೊಲಿಗೆ ಅಷ್ಟು ಅಚ್ಚುಕಟ್ಟಾಗಿ ಬಂದಿತ್ತೆಂದರೆ, ಅವನು ಸೂಟು ತೊಟ್ಟು ನಿಂತರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಮೊದಲಿನಂತೆಯೇ ಕಪ್ಪಗೆ, ಬಿಗಿಯಾಗಿ, ಗಟ್ಟಿಮುಟ್ಟಾಗಿ ಕಾಣುತ್ತಿದ್ದ.

ನಾಲ್ಕನೆಯ ಸಲ ಬಂದಾಗ ಸೂಟು ತೊಟ್ಟೇ ಬಂದಿದ್ದ. ಸೂಜಿಯಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಲು ಕಂಕುಳ ಕೆಳಗೆ ಕೈ ಒತ್ತಿದಳು. ಐದು ಮಿಲಿಮೀಟರ್ ರಬ್ಬರಿನ ಮೇಲಿಂದಲೂ ಪಕ್ಕೆಲುಬು ಒಂದೊಂದಾಗಿ ಬೆರಳಿಗೆ ಸಿಕ್ಕಿತು. ಹಳೆಯ ಎರಡು ಹೊಲಿಗೆಗಳು ಪಕ್ಕಪಕ್ಕ ಬಂದು, ತೋಳು ಸೇರುವ ಕಡೆ ಇನ್ನು ಕತ್ತರಿಸಲು ಬಟ್ಟೆಯೇ ಉಳಿದಿರಲಿಲ್ಲ. ಸೀಮೆಸುಣ್ಣ ಕೈಯಲ್ಲೇ ಉಳಿಯಿತು.

"ಏನಾಯ್ತೇ? ಗುರುತು ಹಾಕು."

"ಜಾಗ ಇಲ್ಲ ಅಣ್ಣ."

"ಸ್ವಲ್ಪ ಬೆನ್ನ ಕಡೆಯಿಂದ ತಗೋ."

"ಸೂಟು ಹಿಗ್ಗಲ್ಲ ಅಣ್ಣ," ಎಂದಳು ಸೂಜಿಯಕ್ಕ. "ಯಾವ ಸೂಟೂ ಹಿಗ್ಗಲ್ಲ."

ಅಣ್ಣ ಗೂಟದ ಮೇಲಿನ ಸೂಟುಗಳನ್ನು ನೋಡುತ್ತ ನಿಂತ. ಬಾಗಿಲಲ್ಲಿ ಸೀಸದ ಬಿಲ್ಲೆಗಳ ಬುಟ್ಟಿ ಹಿಡಿದು ನಿಂತಿದ್ದ ಗಾಳಿಯಪ್ಪನ ಬಾಯಿಂದ ಮಾತು ತಾನಾಗಿ ಬಂತು. ನೀರಿನಲ್ಲಿ ಮೈ ತೇಲದಿರಲೆಂದು ಸೊಂಟಕ್ಕೆ ಸೀಸ ಕಟ್ಟಿಕೊಳ್ಳುತ್ತಾರೆ, ಮೈಯಲ್ಲಿ ಕೊಬ್ಬು ಕಡಿಮೆಯಿದ್ದಷ್ಟೂ ಕಡಿಮೆ ಸೀಸ ಸಾಕು; ಅದನ್ನು ಎತ್ತಿಕೊಡುವುದು ಅವನ ಕೆಲಸ.

"ಅಣ್ಣಾವ್ರು ಮೂರರಿಂದ ಐದರ ಸೂಟಿಗೆ ಹೋದ್ರಲ್ಲ ಅಕ್ಕ, ಸೀಸ ಜಾಸ್ತಿ ಕೇಳಬೇಕಿತ್ತು. ದಪ್ಪ ಸೂಟು ತೇಲುತ್ತೆ. ಇವರು ಎರಡು ಬಿಲ್ಲೆ ಕಡಿಮೆ ಮಾಡು ಅಂದ್ರು. ಬೆಲ್ಟಿನ ಬಾಲ ಮಂಡಿ ತನಕ ಜೋತಾಡ್ತಿತ್ತು. ನಾನು ಅಂದ್ಕೊಂಡೆ..." ಬುಟ್ಟಿ ಇಳಿಸಿ ಹೊರಟುಹೋದ.

ಮರುದಿನ ಆಸ್ಪತ್ರೆಗೆ ಅಣ್ಣನ ಜೊತೆ ಅತ್ತಿಗೆಯೂ ಸೂಜಿಯಕ್ಕನೂ ಹೋದರು. ಪರೀಕ್ಷೆಗಳು ಒಂದು ವಾರ ನಡೆದವು. ಕೊನೆಯ ದಿನ ಡಾಕ್ಟರು ಹೊಟ್ಟೆಯ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಕಾಗದ ಎಳೆದುಕೊಂಡು ಕೇಳಿದರು:

"ತೂಕ ಇಳಿಯೋಕೆ ಶುರುವಾಗಿ ಎಷ್ಟು ದಿನ ಆಯ್ತು?"

"ಒಂದು ಹದಿನೈದು ಇಪ್ಪತ್ತು ದಿನ," ಎಂದ ಅಣ್ಣ.

ಸೂಜಿಯಕ್ಕನ ಚೀಲದಲ್ಲಿ ಅಳತೆ ಪುಸ್ತಕವಿತ್ತು. ಯಾಕೆ ತಂದಿದ್ದಳೋ ಆಕೆಗೇ ತಿಳಿಯದು. ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. ಅಣ್ಣನ ಪುಟದಲ್ಲಿ ಎದೆಯ ಅಳತೆ ಬರೆದಿದ್ದ ಜಾಗ ಅಳಿಸಿ ಅಳಿಸಿ ತೂತು ಬಿದ್ದಿತ್ತು. ಕೆಳಗಿನ ಪುಟದ ಇನ್ಯಾರದೋ ಸೊಂಟದ ಅಂಕಿ ಅದರಲ್ಲಿ ಇಣುಕುತ್ತಿತ್ತು. ಬರೆದದ್ದು ಉಳಿದಿರಲಿಲ್ಲ. ಆಕೆಗೆ ಬಾಯಿಪಾಠವಾಗಿತ್ತು.

"ಮೂರು ತಿಂಗಳು ಡಾಕ್ಟ್ರೇ. ಮೊದಲು ಒಂದೂವರೆ ಇಂಚು. ಐದನೇ ವಾರಕ್ಕೆ ಎರಡು. ಆಮೇಲೆ ಮೂರು ವಾರಕ್ಕೆ ಇನ್ನೂ ಎರಡು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಆಕೆಯ ಮುಖ ನೋಡಿದರು. ಒಳ್ಳೆಯವರು, ಬೈಯಲಿಲ್ಲ. ಮೊದಲೇ ಬರಬೇಕಿತ್ತು ಎಂದು ಗೋಡೆಯ ಕಡೆ ತಿರುಗಿ ಹೇಳಿದರು, ಅಷ್ಟೇ.

ಅತ್ತಿಗೆ ಆಸ್ಪತ್ರೆಯ ಮೆಟ್ಟಿಲಿಳಿಯುವವರೆಗೆ ತಡೆದುಕೊಂಡಿದ್ದಳು.

"ನಾನು ಕೇಳ್ದಾಗೆಲ್ಲ, ಬಿಸಿಲಿಗೆ ಹೀಗಾಗಿದೀನಿ ಅಂತಿದ್ರು. ಬಡಿಸಿದ್ದನ್ನ ಬಿಟ್ಟು ಏಳೋರು, ದೋಣೀಲಿ ತಿಂದೆ ಅನ್ನೋರು. ನಂಬ್ದೆ. ನಾನು ಬರೀ ಕಣ್ಣಲ್ಲಿ ನೋಡಿದ್ದು. ನೀನು ಟೇಪು ಹಿಡ್ಕೊಂಡು ನೋಡಿದೀಯ. ನಿನ್ನ ಕೈಲಿ ಅಳತೆ ಇತ್ತಲ್ಲೇ!"

"ಅತ್ತಿಗೆ..."

"ನೀನು ಅಷ್ಟು ಚೆನ್ನಾಗಿ ಹೊಲಿಯದೇ ಇದ್ದಿದ್ರೆ, ಅವರು ಚಳಿ ತಡೀಲಾರದೆ ಅವತ್ತೇ ಮನೆಗೆ ಬಂದು ಮಲಗ್ತಿದ್ರು. ನಾನು ಅವತ್ತೇ ಇಲ್ಲಿಗೆ ಕರ್ಕೊಂಡು ಬರ್ತಿದ್ದೆ."

ಇಪ್ಪತ್ತೆರಡು ವರ್ಷದಲ್ಲಿ ಸೂಜಿಯಕ್ಕನ ಹೊಲಿಗೆ ಚೆನ್ನಾಗಿದೆ ಎಂದು ಹೊಗಳಿದವರು ಬಹಳ ಜನ. ಎದೆಗೆ ನಾಟಿದ್ದು ಇದೊಂದೇ.

ಔಷಧಿ ಶುರುವಾಯಿತು. ಅಣ್ಣ ಮನೆಯ ಕಿಟಕಿಯ ಪಕ್ಕ ಎರಡು ಕಂಬಳಿ ಹೊದ್ದು ಕೂರತೊಡಗಿದ. ಹಲಗೆಯ ಅಂಕಿಯನ್ನು ಈಗ ಬೇರೊಬ್ಬ ಗೈಡ್ ಕೂಗುತ್ತಿದ್ದ, ಇಪ್ಪತ್ತಾರೂವರೆ, ಇಪ್ಪತ್ತೇಳು. ಜನ ಮತ್ತೆ ಮೂರರ ಸೂಟಿಗೆ ಬಂದರು. ಸೂಜಿಯಕ್ಕ ದಿನಾ ಸಂಜೆ ಅಣ್ಣನ ಮನೆಗೆ ಹೋಗಿ, ಅತ್ತಿಗೆ ಬಾ ಎಂದರೆ ಒಳಗೆ, ಅನ್ನದಿದ್ದರೆ ಕಿಟಕಿಯ ಹೊರಗೆ ನಿಂತು ಬರುತ್ತಿದ್ದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಕಿಟಕಿಯಿಂದ ಅಣ್ಣ ಪಿಸುಗುಟ್ಟಿದ.

"ಒಂದ್ಸಲ ನೀರಿಗೆ ಕರ್ಕೊಂಡು ಹೋಗೇ. ಮುಳುಗಲ್ಲ. ಮೆಟ್ಟಿಲ ಹತ್ರ ಸುಮ್ನೆ ತೇಲ್ತೀನಿ. ಮೂರರದ್ದು ಒಂದು ಹೊಲಿದು ಕೊಡು."

"ಮೂರರದ್ದು ಸಾಲಲ್ಲ ಅಣ್ಣ, ಐದರದ್ದೇ..."

"ಐದರದ್ದು ಬೇಡ. ನೀರು ತಾಗಿದ್ದು ಗೊತ್ತಾಗ್ಲಿ."

ಅತ್ತಿಗೆ ಒಳಗಿನಿಂದ ಕೇಳಿಸಿಕೊಂಡಳು. ಬೇಡ ಎನ್ನಲಿಲ್ಲ. ಡಾಕ್ಟರೂ, "ಖುಷಿ ಆಗೋದಾದ್ರೆ ಹತ್ತು ನಿಮಿಷ," ಎಂದಿದ್ದರು. ಡಾಕ್ಟರು ಹಾಗೆ ಅನ್ನುವುದು ಯಾವಾಗ ಎಂಬುದು ಮೂವರಿಗೂ ಗೊತ್ತಿತ್ತು.

ಸೂಜಿಯಕ್ಕ ಮನೆಯಲ್ಲೇ ಅಳತೆ ತೆಗೆದುಕೊಂಡು, ಎರಡು ಹಳೆಯ ಸೂಟು ಬಿಚ್ಚಿ ಒಂದು ಮಾಡಿದಳು. ಅವನಿಗೆ ಕೈ ಎತ್ತಲು ಕಷ್ಟವೆಂದು ಜಿಪ್ಪನ್ನು ಪಕ್ಕಕ್ಕೆ ಇಟ್ಟಳು. ಈ ಸಲ ಪುಸ್ತಕದಲ್ಲಿ ಏನನ್ನೂ ಬರೆಯಲಿಲ್ಲ, ಅಳಿಸಲೂ ಇಲ್ಲ.

ನೀರಿನಲ್ಲಿ ಅವನನ್ನು ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ. ಗಾಳಿಯಪ್ಪ ನಾನಿದ್ದೀನಿ ಎಂದ. ಅಣ್ಣ ಒಪ್ಪಲಿಲ್ಲ. "ಇವಳೇ ಬರ್ಲಿ." ಹೀಗಾಗಿ ಸಾವಿರಾರು ಜನರಿಗೆ, ಪಾದಕ್ಕೆ ಪ್ಲಾಸ್ಟಿಕ್ ಕವರು ಹಾಕ್ಕೊಂಡ್ರೆ ಕಾಲು ಸಲೀಸಾಗಿ ಜಾರುತ್ತೆ ಎಂದು ಹೇಳಿಕೊಟ್ಟ ಸೂಜಿಯಕ್ಕ, ತಾನು ಮೊದಲ ಸಲ ಸೂಟು ಏರಿಸಿದಳು. ಹತ್ತು ನಿಮಿಷ ಗುದ್ದಾಡಿ, ಏದುಸಿರು ಬಿಡುತ್ತ, ಪರದೆ ಸರಿಸಿ ಆಚೆ ಬಂದರೆ ಬೆನ್ನಿಗಿರಬೇಕಾದ ಜಿಪ್ಪು ಎದೆಯ ಮೇಲಿತ್ತು, ಅದರ ದಾರ ಟೈಯಂತೆ ನೇತಾಡುತ್ತಿತ್ತು. ಹೊಸಬರು ಮಾಡುವ ತಪ್ಪು. ಇಷ್ಟು ವರ್ಷ ಅದಕ್ಕೆ ಆಕೆಯಷ್ಟು ನಕ್ಕವರು ಇನ್ನೊಬ್ಬರಿಲ್ಲ. ಅಣ್ಣ ಕುರ್ಚಿಯಲ್ಲಿ ಕೂತು ನೋಡಿದ. ಹೆಗಲು ಕುಣಿಯಿತು. ಕೆಮ್ಮು ಬರುವ ತನಕ ನಕ್ಕ. ಅತ್ತಿಗೆಯೂ ಬಾಯಿಗೆ ಸೆರಗು ಒತ್ತಿಕೊಂಡಳು, ಆಮೇಲೆ ಅದೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

"ತೆಗೆದು ಸರಿಯಾಗಿ ಹಾಕ್ಕೋ," ಎಂದಳು. ಆಸ್ಪತ್ರೆಯ ಮೆಟ್ಟಿಲಿನ ನಂತರ ಅತ್ತಿಗೆ ಆಕೆಯೊಂದಿಗೆ ನೆಟ್ಟಗೆ ಆಡಿದ ಮೊದಲ ಮಾತು ಅದು. ಬೆನ್ನಿನ ಜಿಪ್ಪನ್ನೂ ಅವಳೇ ಎಳೆದಳು.

ದೋಣಿ ಕಟ್ಟುವ ಕಟ್ಟೆಯ ಮೆಟ್ಟಿಲುಗಳನ್ನು ಅಣ್ಣ ತಂಗಿಯ ಭುಜ ಹಿಡಿದು ಇಳಿದ. ಮೊಣಕಾಲು ದಾಟಿದ್ದೇ ಸೂಜಿಯಕ್ಕನ ಉಸಿರು ಸಿಕ್ಕಿಕೊಂಡಿತು. ಎದೆಯ ಮಟ್ಟಕ್ಕೆ ಬಂದಾಗ ಕತ್ತಿನಿಂದ ಒಂದು ತಣ್ಣನೆಯ ಗೆರೆ ಬೆನ್ನುದ್ದಕ್ಕೂ ಹರಿಯಿತು. ಅಯ್ಯೋ ಎಂದಳು.

"ಇರು, ಅಲ್ಲಾಡಬೇಡ," ಎಂದ ಅಣ್ಣ. "ನಿಂತ್ಕೊಂಡಿರು. ಬಿಸಿ ಆಗುತ್ತೆ."

ಆಯಿತು. ಬೆನ್ನ ಮೇಲಿನ ನೀರು ನಿಧಾನಕ್ಕೆ ತನ್ನದೇ ಮೈಯ ಬಿಸಿಗೆ ಬಂತು. ಇಷ್ಟು ವರ್ಷ ಬಾಯಿಪಾಠ ಒಪ್ಪಿಸಿದ್ದೆಲ್ಲ ನಿಜವೇ ಆಗಿತ್ತು. ಅಣ್ಣ ಹಿಂದಕ್ಕೆ ಒರಗಿ, ಸೂಟಿನ ಬಲದಲ್ಲೇ ತೇಲಿದ. ಆಕೆ ಅವನ ತಲೆಯ ಕೆಳಗೆ ಎರಡೂ ಅಂಗೈ ಇಟ್ಟಳು. ಹೊಲಿಗೆ ಎಲ್ಲೂ ಸಡಿಲವಿರಲಿಲ್ಲ. ಆದರೂ ಅವನು ನಡುಗುತ್ತಿದ್ದ. ಬಿಸಿ ಮಾಡಲು ಒಳಗೆ ಏನೂ ಉಳಿದಿರಲಿಲ್ಲ.

"ಎಷ್ಟಿದೆ ಹೇಳು ನೀರು," ಎಂದ, ಕಣ್ಣು ಮುಚ್ಚಿಕೊಂಡೇ.

"ತುಂಬಾ ತಣ್ಣಗಿದೆ ಅಣ್ಣ. ಇಪ್ಪತ್ತನಾಲ್ಕು."

ಅವನು ನಿಧಾನಕ್ಕೆ ಮಣಿಕಟ್ಟನ್ನು ನೀರಿನಿಂದ ಎತ್ತಿ ಆಕೆಯ ಕಡೆ ತಿರುಗಿಸಿದ.

"ಇಪ್ಪತ್ತೇಳು ಕಣೇ. ಆವಾಗ್ಲೂ ಇಪ್ಪತ್ತೇಳೇ ಇತ್ತು. ನನಗೊಬ್ಬನಿಗೇ ಚಳಿ ಅಂತ ಗೊತ್ತಾಗಬಾರದು ಅಂತ ನಿನ್ನ ಕೈಲಿ ಸುಳ್ಳು ಬರೆಸ್ದೆ."

"ಗೊತ್ತಿತ್ತು ಅಣ್ಣ."

ಅವನು ಕಣ್ಣು ಬಿಟ್ಟು ಆಕೆಯನ್ನು ನೋಡಿದ. ಮೇಲೆ, ತಲೆಕೆಳಗಾಗಿ ಕಾಣುತ್ತಿದ್ದ ತಂಗಿಯ ಮುಖದಿಂದ ನೀರು ಅವನ ಹಣೆಗೆ ತೊಟ್ಟಿಕ್ಕುತ್ತಿತ್ತು.

"ಗೊತ್ತಿದ್ದೂ ಹೊಲಿದೆಯಲ್ಲೇ," ಎಂದ. ದನಿಯಲ್ಲಿ ಕೋಪವಿರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. "ಹತ್ತು ನಿಮಿಷ ಆಯ್ತಾ?"

"ಇನ್ನೂ ಇದೆ."

ಹತ್ತು ನಿಮಿಷ ಮುಗಿದಿತ್ತು. ದಡದಲ್ಲಿ ಅತ್ತಿಗೆ ಟವೆಲು ಹಿಡಿದು ನಿಂತಿದ್ದಳು. ಕರೆಯಲಿಲ್ಲ.

ಬೇಸಿಗೆಯ ಗಿಡ್ಡ ಸೂಟುಗಳನ್ನು ಗೂಟಕ್ಕೆ ಹಾಕುವ ವಾರ ಅಣ್ಣ ತೀರಿಕೊಂಡ.

ಈಗ ಸೂಜಿಯಕ್ಕನ ಕೋಣೆಯಲ್ಲಿ ಮೇಜಿನ ಪಕ್ಕ ಒಂದು ತೂಕದ ಯಂತ್ರವಿದೆ. ಅಳತೆ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆಯುತ್ತಾಳೆ. ಹಳೆಯದನ್ನು ಗೀಟೆಳೆದು ಬಿಡುತ್ತಾಳೆ, ಅಳಿಸುವುದಿಲ್ಲ. ಸೂಟು ಕುಗ್ಗಿದೆ ಎಂದು ಬಂದವರಿಗೆ ಹಳೆಯ ಮರ್ಯಾದೆಯೇ. ಉಪ್ಪುನೀರಿನ ಮೇಲೆ ಹಾಕಿ ಪಟ್ಟಿ ಸೇರಿಸುತ್ತಾಳೆ. ಸಡಿಲವಾಗಿದೆ ಎಂದು ಬಂದವರ ಪಾಡು ಬೇರೆ. ಹೋದ ತಿಂಗಳು ಗಾಳಿಯಪ್ಪ ಸಿಕ್ಕಿಬಿದ್ದ.

"ಡಯಟ್ ಮಾಡ್ತಿದೀನಿ ಅಕ್ಕ. ಹೆಂಡ್ತಿ ಹೊಟ್ಟೆ ನೋಡಿ ಆಡ್ಕೊಳ್ತಾಳೆ. ಬೆಳಿಗ್ಗೆ ಓಡ್ತೀನಿ, ಸಂಜೆ ಸೌತೆಕಾಯಿ ತಿಂತೀನಿ. ಎರಡಿಂಚು ಒಳಗೆ ತಗೊಂಡು ಕೊಡಿ."

"ಡಾಕ್ಟರ ಚೀಟಿ ತಾ."

"ಸೌತೆಕಾಯಿಗೆ ಡಾಕ್ಟರ ಚೀಟಿನಾ?"

"ತಾ ಅಂದೆ."

ಗೊಣಗುತ್ತ ಹೋದ, ಮೂರು ದಿನ ಬಿಟ್ಟು ಚೀಟಿ ತಂದ. ಸೂಜಿಯಕ್ಕ ಅದನ್ನು ಎರಡು ಸಲ ಓದಿದಳು, ಆಮೇಲೆ ಸೀಮೆಸುಣ್ಣ ಎತ್ತಿಕೊಂಡಳು. ಗುರುತು ಹಾಕುವ ಮೊದಲು ಅವನ ಪಕ್ಕೆಯ ಮೇಲೆ ಅಂಗೈ ಒತ್ತಿ, ಪಕ್ಕೆಲುಬು ಬೆರಳಿಗೆ ಸಿಗುತ್ತದೆಯೇ ಎಂದು ನೋಡಿದಳು. ಕಚಗುಳಿಯಾದರೂ ಗಾಳಿಯಪ್ಪ ಅಲ್ಲಾಡಲಿಲ್ಲ.